ಹಾರುವ ಯುದ್ಧನೌಕೆಯ ಫೋಟೊ: ವಿಮಾನ ನಿಜ, ಚಿತ್ರ ಸುಳ್ಳು

ಆಕಾಶದಲ್ಲಿ ತೇಲುತ್ತಿರುವ ಯುದ್ಧನೌಕೆಯಂಥದ್ದೊಂದು ವಿಮಾನ. ರೆಕ್ಕೆಯ ಅಂಚಿನುದ್ದಕ್ಕೂ ಸಾಲುಸಾಲಾಗಿ ಪ್ರೊಪೆಲ್ಲರ್‌ಗಳು. ಮೈಮೇಲೆಲ್ಲ ಹಡಗಿನಲ್ಲಿ ಇರುವಂಥ ಜೋಡಿ ನಳಿಗೆಯ ಫಿರಂಗಿಗಳು. ಜೊತೆಗೆ ನಾಲ್ಕು ಸಾಲಿನ ಬರಹ: 1930ರ ದಶಕದಲ್ಲೇ ರಷ್ಯನ್ನರು ಕಟ್ಟಿದ್ದ ಹಾರುವ ಕೋಟೆ ಇದು, ಹೆಸರು ಕೆ-7, ಇತಿಹಾಸದ ಪುಸ್ತಕಗಳಲ್ಲಿ ನಿಮಗೆ ಸಿಗುವುದಿಲ್ಲ, ತಪ್ಪದೆ ಎಲ್ಲರಿಗೂ ಕಳಿಸಿ.

ಈ ಚಿತ್ರಗಳು ಹೊಸವಲ್ಲ. ವಾಟ್ಸಾಪ್ ಬರುವ ಮೊದಲೇ ಇಮೇಲ್‌ಗಳಲ್ಲಿ ತಿರುಗುತ್ತಿದ್ದವು, ಆಮೇಲೆ ಫೇಸ್‌ಬುಕ್‌ಗೆ ಬಂದವು, ಈಗ ಫ್ಯಾಮಿಲಿ ಗ್ರೂಪ್‌ಗಳಲ್ಲಿವೆ. ವರ್ಷಕ್ಕೊಮ್ಮೆ ಜಾತ್ರೆಯಂತೆ ಮರಳಿ ಬರುತ್ತವೆ. ಅವು ಫೋಟೊಗಳೇ ಅಲ್ಲ, ಕಂಪ್ಯೂಟರ್‌ನಲ್ಲಿ ರಚಿಸಿದ ಕಾಲ್ಪನಿಕ ಚಿತ್ರಗಳು. ಅಂಥ ವಿಮಾನ ಎಂದೂ ಹಾರಿಲ್ಲ, ಹಾರಲು ಸಾಧ್ಯವೂ ಇಲ್ಲ.

ಆದರೆ ಇಷ್ಟನ್ನೇ ಓದಿ “ಫೇಕ್” ಎಂದು ಗ್ರೂಪ್‌ನಲ್ಲಿ ಉತ್ತರ ಹಾಕಿದರೆ ಅದೂ ಅರ್ಧ ಸುಳ್ಳಾಗುತ್ತದೆ. ಕೆ-7 ಎಂಬ ವಿಮಾನ ನಿಜವಾಗಿಯೂ ಇತ್ತು. 1933ರಲ್ಲಿ ಕೆಲವೇ ಕೆಲವು ಸಲ ಹಾರಿತು. ಕೊನೆಯ ಹಾರಾಟದಲ್ಲಿ 15 ಜನರ ಜೀವ ತೆಗೆಯಿತು. ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್‌ನನ್ನು ಐದು ವರ್ಷಗಳ ನಂತರ ಅವನ ಸರ್ಕಾರವೇ ಗುಂಡಿಟ್ಟು ಕೊಂದಿತು. ನಕಲಿ ಚಿತ್ರದ ಅಬ್ಬರದಲ್ಲಿ ಮರೆಯಾಗಿರುವುದು ಈ ಕಥೆ.

ನಿಜವಾದ ಕೆ-7 ಎಷ್ಟು ದೊಡ್ಡದಿತ್ತು?

ಫಿರಂಗಿಗಳನ್ನು ತೆಗೆದುಹಾಕಿದರೂ ಅದು ಬೆರಗು ಹುಟ್ಟಿಸುವ ಯಂತ್ರವೇ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 53 ಮೀಟರ್. ನಾಲ್ಕು ಬ್ಯಾಡ್ಮಿಂಟನ್ ಕೋರ್ಟ್‌ಗಳನ್ನು ಉದ್ದುದ್ದಕ್ಕೆ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇವತ್ತು ನಾವು ಬೆಂಗಳೂರಿನಿಂದ ದೆಹಲಿಗೆ ಹೋಗುವ ಎ320 ವಿಮಾನದ ರೆಕ್ಕೆಯ ಹರವು ಸುಮಾರು 35 ಮೀಟರ್ ಮಾತ್ರ.

ರೆಕ್ಕೆಯ ವಿಸ್ತೀರ್ಣ 454 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 40×60ರ ಎರಡು ಸೈಟುಗಳಿಗಿಂತ ಸ್ವಲ್ಪ ಜಾಸ್ತಿ! ಆ ರೆಕ್ಕೆ ಎಷ್ಟು ದಪ್ಪವಿತ್ತೆಂದರೆ, ಅತಿ ದಪ್ಪವಿದ್ದ ಕಡೆ 2.3 ಮೀಟರ್. ಅಂದರೆ ಮನೆಯ ಬಾಗಿಲಿಗಿಂತ ಎತ್ತರ. ಆರಡಿಯ ಮನುಷ್ಯ ತಲೆ ತಗ್ಗಿಸದೆ ರೆಕ್ಕೆಯೊಳಗೆ ಓಡಾಡಬಹುದಿತ್ತು. ಇದನ್ನೇ ಪ್ರಯಾಣಿಕರ ವಿಮಾನವಾಗಿ ಬಳಸಿದರೆ ಸುಮಾರು 120 ಜನರನ್ನು ರೆಕ್ಕೆಯೊಳಗೇ ಕೂರಿಸಬೇಕೆಂಬ ಯೋಜನೆಯೂ ಇತ್ತು.

ಎಂಜಿನ್‌ಗಳು ಏಳು. ಆರು ರೆಕ್ಕೆಯ ಮುಂದಿನ ಅಂಚಿನಲ್ಲಿ, ಒಂದು ಹಿಂದೆ, ವಿಮಾನವನ್ನು ತಳ್ಳುವುದಕ್ಕೆ. ಒಂದೊಂದು ಎಂಜಿನ್ 750 ಅಶ್ವಶಕ್ತಿಯದು. ತುಂಬಿದ ವಿಮಾನದ ತೂಕ ಸುಮಾರು 38 ಟನ್, ಜನ ತುಂಬಿದ ಎರಡು ದೊಡ್ಡ ಬಸ್‌ಗಳಷ್ಟು. ವೇಗ ಗಂಟೆಗೆ ಸುಮಾರು 225 ಕಿ.ಮೀ.

ಹಿಂಭಾಗದಲ್ಲಿ ಸಾಮಾನ್ಯ ವಿಮಾನದಂತೆ ಒಂದೇ ಉದ್ದನೆಯ ಒಡಲು ಇರಲಿಲ್ಲ. ರೆಕ್ಕೆಯಿಂದ ಹೊರಟ ಎರಡು ಉದ್ದ ತೋಳುಗಳು ಬಾಲವನ್ನು ಹಿಡಿದುಕೊಂಡಿದ್ದವು. ಈ ಎರಡು ತೋಳುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಥೆ ಅಲ್ಲಿಗೇ ಬರುತ್ತದೆ. ಬಾಂಬರ್ ಆವೃತ್ತಿಯಲ್ಲಿ ಬಾಲದ ತುದಿಯಲ್ಲೂ ಮೆಷಿನ್‌ಗನ್ ಹಿಡಿದ ಸೈನಿಕರು ಇರಬೇಕಿತ್ತು. ಅಲ್ಲಿಗೆ ಹೋಗಿಬರಲು ತೋಳಿನೊಳಗೆ ವಿದ್ಯುತ್ತಿನಿಂದ ಓಡುವ ಪುಟ್ಟ ಟ್ರಾಲಿ ಇಡುವ ಯೋಜನೆ ಇತ್ತು. ನಕಲಿ ಚಿತ್ರ ಮಾಡಿದವರಿಗೂ ಇಂಥದ್ದು ಹೊಳೆಯಲಿಲ್ಲ ನೋಡಿ.

ಹಾಗಾದರೆ ಆ ಫಿರಂಗಿಗಳು?

ಇಲ್ಲಿ ಗೂಗಲ್ ಕೂಡ ಬೇಡ, ಮೂರನೇ ತರಗತಿಯ ಲೆಕ್ಕ ಸಾಕು. ಎರಡನೇ ಮಹಾಯುದ್ಧದ ಜರ್ಮನ್ ಯುದ್ಧನೌಕೆ ಬಿಸ್ಮಾರ್ಕ್‌ನಲ್ಲಿ ಇಂಥ ಜೋಡಿ ನಳಿಗೆಯ ದೊಡ್ಡ ಫಿರಂಗಿ ಗೋಪುರಗಳು ನಾಲ್ಕಿದ್ದವು. ಒಂದೊಂದರ ತೂಕ 1,000 ಟನ್‌ಗೂ ಹೆಚ್ಚು. ಕೆ-7ರ ಒಟ್ಟು ತೂಕವೇ 38 ಟನ್. ಅಂದರೆ ಒಂದೇ ಒಂದು ಗೋಪುರ ಇಪ್ಪತ್ತೈದು ಕೆ-7ಗಳಿಗಿಂತ ಭಾರ.

ಮನುಷ್ಯ ಕಟ್ಟಿದ ಅತಿ ಭಾರದ ವಿಮಾನವೆಂದರೆ ಉಕ್ರೇನಿನ ಆಂಟೊನೊವ್ ಎಎನ್-225. ಅದು ಮೇಲೇರಬಹುದಾಗಿದ್ದ ಗರಿಷ್ಠ ತೂಕ, ವಿಮಾನ, ಇಂಧನ, ಸರಕು ಎಲ್ಲ ಸೇರಿ 640 ಟನ್. 2022ರ ಯುದ್ಧದಲ್ಲಿ ನಾಶವಾದ ಆ ದೈತ್ಯನಿಗೂ ಬಿಸ್ಮಾರ್ಕ್‌ನ ಒಂದು ಗೋಪುರವನ್ನು ಎತ್ತಲು ಆಗುತ್ತಿರಲಿಲ್ಲ. ಚಿತ್ರದ ಫಿರಂಗಿಗಳು ಬಿಸ್ಮಾರ್ಕ್‌ನದಕ್ಕಿಂತ ಚಿಕ್ಕವು ಎಂದೇ ಇಟ್ಟುಕೊಳ್ಳಿ. ಗುಂಡು ಹಾರಿಸಿದಾಗ ಫಿರಂಗಿ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವನ್ನು ತಡೆದುಕೊಳ್ಳಲು ಹಡಗಿನ ಕೆಳಗೆ ಸಮುದ್ರವಿದೆ. ವಿಮಾನದ ಕೆಳಗೆ ಇರುವುದು ಗಾಳಿ.

ಚಿತ್ರ ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕಲ್ಪನೆಯ ಯಂತ್ರಗಳನ್ನು ಬಿಡಿಸುವುದು ಒಂದು ಕಲೆ, ಅದಕ್ಕೆ ಅಭಿಮಾನಿಗಳೂ ಇದ್ದಾರೆ. ಕೈಯಿಂದ ಕೈಗೆ ಹೋಗುತ್ತಾ “ಇದು ಕಲ್ಪನೆ” ಎಂಬ ಚೀಟಿ ಎಲ್ಲೋ ಕಳಚಿ ಬಿದ್ದು, “ಇದು ಇತಿಹಾಸ” ಎಂಬ ಚೀಟಿ ಅಂಟಿಕೊಂಡಿದ್ದರಿಂದ ಎಡವಟ್ಟಾಯಿತು.

ಇಷ್ಟು ದೊಡ್ಡ ವಿಮಾನ ಯಾಕೆ ಬೇಕಿತ್ತು?

ಮೊದಲ ಮಹಾಯುದ್ಧ ಮುಗಿದ ಮೇಲೆ ಹಲವು ದೇಶಗಳ ಸೇನಾಧಿಕಾರಿಗಳ ತಲೆಯಲ್ಲಿ ಒಂದು ವಿಚಾರ ಕೂತಿತ್ತು: ಮುಂದಿನ ಯುದ್ಧವನ್ನು ಬಾಂಬರ್‌ಗಳೇ ಗೆಲ್ಲುತ್ತವೆ. ಇಟಲಿಯ ಜನರಲ್ ಜುಲಿಯೊ ದುಹೆ 1921ರಲ್ಲಿ ಇದನ್ನೇ ವಾದಿಸಿ ಪುಸ್ತಕ ಬರೆದ. ಶತ್ರುವಿನ ನಗರಗಳ ಮೇಲೆ ಸಾಕಷ್ಟು ಬಾಂಬ್ ಸುರಿದರೆ ಜನರೇ ಸೋಲೊಪ್ಪಿಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಹೆಚ್ಚು ಬಾಂಬ್ ಹೊರಲು ದೊಡ್ಡ ವಿಮಾನ ಬೇಕು. ಹಾಗಾಗಿ ದೈತ್ಯ ವಿಮಾನಗಳ ಪೈಪೋಟಿ ಶುರುವಾಯಿತು.

ಫಲಿತಾಂಶ ಅಷ್ಟೇನೂ ಚೆನ್ನಾಗಿರಲಿಲ್ಲ. ಬ್ರಿಟನ್ನಿನ ಟ್ಯಾರಂಟ್ ಟೇಬರ್ ಎಂಬ ಆರು ಎಂಜಿನ್‌ಗಳ ಬಾಂಬರ್ 1919ರ ಮೇ ತಿಂಗಳಲ್ಲಿ ಮೊದಲ ಸಲ ನೆಲ ಬಿಡುವ ಮುನ್ನವೇ ಮೂಗು ಮುಗ್ಗರಿಸಿ ಬಿತ್ತು. ಇಬ್ಬರೂ ಪೈಲಟ್‌ಗಳು ಸತ್ತರು. ಅಮೆರಿಕದ ಬಾರ್ಲಿಂಗ್ ಬಾಂಬರ್ 1923ರಲ್ಲಿ ಹಾರಿತೇನೋ ಹೌದು, ಆದರೆ ಓಹಾಯೊದಿಂದ ವಾಷಿಂಗ್ಟನ್‌ಗೆ ಹೋಗುವ ದಾರಿಯ ಬೆಟ್ಟಸಾಲನ್ನು ದಾಟುವಷ್ಟು ಎತ್ತರಕ್ಕೆ ಏರಲಾಗದೆ ಹಿಂದಿರುಗಿತು.

ಇದರ ಹಿಂದೆ ಒಂದು ಸರಳ ಕಾರಣವಿದೆ. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿ. ಮೇಲ್ಮೈ ನಾಲ್ಕು ಪಟ್ಟಾಗುತ್ತದೆ. ತೂಕ ಎಂಟು ಪಟ್ಟಾಗುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲ್ಮೈ, ಕೆಳಗೆ ಎಳೆಯುವುದು ತೂಕ. ಹಾಗಾಗಿ ಚಿಕ್ಕ ವಿಮಾನದ ನಕ್ಷೆಯನ್ನೇ ಹಿಗ್ಗಿಸಿದರೆ ದೊಡ್ಡ ವಿಮಾನ ಆಗುವುದಿಲ್ಲ. ಇರುವೆಯ ಕಾಲು ಕೂದಲೆಳೆಯಂತಿದ್ದರೂ ನಡೆಯುತ್ತದೆ, ಆನೆಗೆ ಕಂಬದಂಥ ಕಾಲೇ ಬೇಕು. ಇದೂ ಅದೇ ಲೆಕ್ಕ.

ಕಾನ್‌ಸ್ಟಾಂಟಿನ್ ಕಲಿನಿನ್ ಈ ತೊಡಕಿಗೆ ಜಾಣ ಉಪಾಯ ಕಂಡುಕೊಂಡಿದ್ದ. ಸಾಮಾನ್ಯ ವಿಮಾನದಲ್ಲಿ ಭಾರವೆಲ್ಲ ನಡುವಿನ ಒಡಲಿನಲ್ಲಿರುತ್ತದೆ, ಎತ್ತುವ ಬಲ ಎರಡೂ ಕಡೆಯ ರೆಕ್ಕೆಗಳಲ್ಲಿ. ಹೆಗಲ ಮೇಲೆ ಅಡ್ಡಗೋಲು ಇಟ್ಟು ಎರಡೂ ತುದಿಗೆ ಕೊಡ ನೇತುಹಾಕಿದರೆ ಕೋಲು ಬಾಗುತ್ತದಲ್ಲ, ರೆಕ್ಕೆಯೂ ತಲೆಕೆಳಗಾದ ರೀತಿಯಲ್ಲಿ ಹಾಗೆಯೇ ಬಾಗುತ್ತದೆ. ಬಾಗದಂತೆ ಗಟ್ಟಿ ಮಾಡಲು ಹೋದರೆ ತೂಕ ಏರುತ್ತದೆ. ಎಂಜಿನ್, ಇಂಧನ, ಸರಕು, ಜನ ಎಲ್ಲವನ್ನೂ ರೆಕ್ಕೆಯುದ್ದಕ್ಕೂ ಹರಡಿಬಿಟ್ಟರೆ? ಎತ್ತುವ ಬಲ ಎಲ್ಲಿದೆಯೋ ಭಾರವೂ ಅಲ್ಲೇ ಇರುತ್ತದೆ. ಕೆ-7ರ ದಪ್ಪ ರೆಕ್ಕೆಯ ಗುಟ್ಟು ಇದು. ಹುಚ್ಚು ಕಲ್ಪನೆಯಲ್ಲ, ಸರಿಯಾದ ಎಂಜಿನಿಯರಿಂಗ್.

ಕಲಿನಿನ್ ಆ ಹೊತ್ತಿಗೆ ಹೆಸರು ಮಾಡಿದ್ದವನೇ. ಅವನ ಕೆ-5 ಎಂಬ ಪುಟ್ಟ ಪ್ರಯಾಣಿಕ ವಿಮಾನ 1930ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದ ನಾಗರಿಕ ವಿಮಾನಯಾನದ ಬೆನ್ನೆಲುಬಾಗಿತ್ತು. 250ಕ್ಕೂ ಹೆಚ್ಚು ತಯಾರಾಗಿದ್ದವು.

ಖಾರ್ಕಿವ್, 1931ರಿಂದ 1933

ಫಾರ್ವರ್ಡ್‌ಗಳು “ರಷ್ಯಾದ ವಿಮಾನ” ಎನ್ನುತ್ತವೆ. ಕೆ-7 ತಯಾರಾಗಿದ್ದು ಉಕ್ರೇನಿನ ಖಾರ್ಕಿವ್ ನಗರದಲ್ಲಿ, ಕಲಿನಿನ್ ನಡೆಸುತ್ತಿದ್ದ ವಿನ್ಯಾಸ ಕೇಂದ್ರದಲ್ಲಿ. 2022ರಲ್ಲಿ ಅಲ್ಲಿ ಓದುತ್ತಿದ್ದ ಕರ್ನಾಟಕದ ವಿದ್ಯಾರ್ಥಿಗಳಿಂದಾಗಿ ನಮ್ಮ ಟಿವಿಗಳಲ್ಲಿ ದಿನವಿಡೀ ಕೇಳಿಬಂತಲ್ಲ, ಅದೇ ಖಾರ್ಕಿವ್. ಆಗ ಅದು ಸೋವಿಯತ್ ಉಕ್ರೇನಿನ ರಾಜಧಾನಿಯಾಗಿತ್ತು.

ಕೆಲಸ 1931ರಲ್ಲಿ ಶುರುವಾಯಿತು, ಎರಡು ವರ್ಷದಲ್ಲಿ ಮುಗಿಯಿತು. ಆ ಎರಡು ವರ್ಷಗಳಲ್ಲಿ ಅದೇ ಉಕ್ರೇನಿನ ಹಳ್ಳಿಗಳಲ್ಲಿ ಏನಾಗುತ್ತಿತ್ತು ಎನ್ನುವುದನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ. ಸ್ಟಾಲಿನ್ ಸರ್ಕಾರ ರೈತರಿಂದ ಧಾನ್ಯವನ್ನು ಬಲವಂತವಾಗಿ ಕಿತ್ತುಕೊಂಡಿತ್ತು. 1932-33ರ ಬರಗಾಲದಲ್ಲಿ ಹತ್ತಾರು ಲಕ್ಷ ಜನ ಹಸಿವಿನಿಂದ ಸತ್ತರು. ಉಕ್ರೇನಿನವರು ಅದನ್ನು ಹೊಲೊದೊಮೊರ್ ಎನ್ನುತ್ತಾರೆ. ಆ ಹಸಿವಿನ ನಡುವೆಯೇ ರೆಕ್ಕೆಯೊಳಗೆ ಮನುಷ್ಯರು ನಡೆದಾಡಬಲ್ಲ ವಿಮಾನ ಎದ್ದು ನಿಂತಿತು.

ಸರ್ಕಾರಕ್ಕೆ ಈ ವಿಮಾನದಿಂದ ಬೇಕಾಗಿದ್ದು ಬಾಂಬ್ ಮಾತ್ರವಲ್ಲ, ಪ್ರಚಾರವೂ ಬೇಕಿತ್ತು. ಕೆ-7ರ ಚೌಕಟ್ಟನ್ನು ಕ್ರೋಮಿಯಂ-ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕಿನ ಕೊಳವೆಗಳನ್ನು ವೆಲ್ಡ್ ಮಾಡಿ ಕಟ್ಟಲಾಗಿತ್ತು. ಆ ಉಕ್ಕು ಹೊರದೇಶದಿಂದ ತಂದದ್ದಲ್ಲ, ನಮ್ಮಲ್ಲೇ ಆದದ್ದು ಎಂದು ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪ್ರಾವ್ದಾ ಇದನ್ನು ದೊಡ್ಡ ರಾಜಕೀಯ ಗೆಲುವೆಂದು ಕೊಂಡಾಡಿತು. ಆಗಿನ ಕಾಲದ ಫಾರ್ವರ್ಡ್ ಎನ್ನಿ.

ನಡುಗಿದ ವಿಮಾನ

1933ರ ಆಗಸ್ಟ್‌ನಲ್ಲಿ ಕೆ-7 ಮೊದಲ ಸಲ ನೆಲ ಬಿಟ್ಟಿತು. ಹಾರಾಟ ತೀರ ಚಿಕ್ಕದು. ಆದರೆ ಅಷ್ಟರಲ್ಲೇ ಗೊತ್ತಾಗಿಹೋಯಿತು: ವಿಮಾನ ವಿಪರೀತ ನಡುಗುತ್ತಿದೆ, ಅದರಲ್ಲೂ ಬಾಲ ಹಿಡಿದ ಆ ಎರಡು ತೋಳುಗಳು.

ಯಾಕೆ ನಡುಗಿತು ಎಂದು ತಿಳಿಯಲು ಹಳೆಯ ಸರ್ಕಾರಿ ಬಸ್ಸೊಂದನ್ನು ನೆನಪಿಸಿಕೊಳ್ಳಿ. ನಿಲ್ದಾಣದಲ್ಲಿ ಎಂಜಿನ್ ಚಾಲೂ ಇಟ್ಟು ನಿಂತಾಗ ಕಿಟಕಿಯ ಗಾಜು ಗಡಗಡ ಅನ್ನುತ್ತಿರುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಜಿನ ಸದ್ದು ನಿಲ್ಲುತ್ತದೆ, ಆದರೆ ಮುಂದಿನ ಸೀಟಿನ ಕಂಬಿ ನಡುಗಲು ಶುರು. ಇನ್ನಷ್ಟು ವೇಗ ಬಂದರೆ ಅದೂ ನಿಂತು ಮೇಲಿನ ಲಗೇಜ್ ಕಟ್ಟೆ ಅದುರುತ್ತದೆ. ಎಂಜಿನ್ ಜೋರಾದಷ್ಟೂ ಎಲ್ಲವೂ ಹೆಚ್ಚು ಹೆಚ್ಚು ನಡುಗಬೇಕಿತ್ತಲ್ಲವೇ? ಹಾಗೆ ಆಗುವುದಿಲ್ಲ. ಯಾಕೆಂದರೆ ಒಂದೊಂದು ವಸ್ತುವಿಗೂ ತನ್ನದೇ ಆದ ಲಯವಿದೆ. ಎಂಜಿನ್ನಿನ ಲಯ ಗಾಜಿನ ಲಯಕ್ಕೆ ಸರಿಹೊಂದಿದಾಗ ಗಾಜು ಕುಣಿಯುತ್ತದೆ, ಕಂಬಿಯ ಲಯಕ್ಕೆ ಹೊಂದಿದಾಗ ಕಂಬಿ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಅದು ಏರುತ್ತಾ ಹೋಗುವುದು ಇದೇ ಕಾರಣಕ್ಕೆ. ಶಾಲೆಯ ಪಾಠದಲ್ಲಿ ಇದನ್ನು ಅನುರಣನೆ ಎಂದು ಓದಿರುತ್ತೀರಿ.

ಕೆ-7ರಲ್ಲಿ ಏಳು ದೊಡ್ಡ ಎಂಜಿನ್‌ಗಳು, ಒಂದೊಂದಕ್ಕೂ ತಿರುಗುವ ಪ್ರೊಪೆಲ್ಲರ್. ಅವುಗಳ ಹೊಡೆತದ ಲಯ ವಿಮಾನದ ಚೌಕಟ್ಟಿನ ಲಯಕ್ಕೆ ತಾಗಿತು.

ಇದಕ್ಕೆ ಇನ್ನೊಂದು ಕಂಟಕವೂ ಸೇರುತ್ತದೆ. ಅದಕ್ಕೆ ಎಂಜಿನ್ ಕೂಡ ಬೇಡ, ಬರೀ ಗಾಳಿ ಸಾಕು. ಕಾಗದದ ಉದ್ದನೆಯ ಪಟ್ಟಿಯೊಂದನ್ನು ಟೇಬಲ್ ಫ್ಯಾನ್ ಮುಂದೆ ಹಿಡಿಯಿರಿ. ಫ್ಯಾನ್ ನಿಧಾನವಿದ್ದಾಗ ಪಟ್ಟಿ ಸುಮ್ಮನೆ ಒಂದು ಕಡೆ ವಾಲಿರುತ್ತದೆ. ವೇಗ ಒಂದು ಮಟ್ಟ ದಾಟಿದ್ದೇ ತಡ, ಪಟಪಟ ಬಡಿದುಕೊಳ್ಳಲು ಶುರುಮಾಡುತ್ತದೆ. ಗಾಳಿ ಒಂದೇ ಸಮನೆ ಬೀಸುತ್ತಿದೆ, ಯಾರೂ ಪಟ್ಟಿಯನ್ನು ಅಲ್ಲಾಡಿಸುತ್ತಿಲ್ಲ. ಆದರೂ ಅದು ಗಾಳಿಯಿಂದಲೇ ಶಕ್ತಿ ಹೀರಿಕೊಂಡು ತಾನೇ ಕುಣಿಯುತ್ತದೆ. ವಿಮಾನದ ರೆಕ್ಕೆ ಅಥವಾ ಬಾಲಕ್ಕೆ ಹೀಗಾದರೆ ಅದಕ್ಕೆ ಫ್ಲಟರ್ ಎಂದು ಹೆಸರು. ಬಾಲ ಸ್ವಲ್ಪ ಬಾಗುತ್ತದೆ, ಬಾಗಿದಾಗ ಸ್ವಲ್ಪ ತಿರುಚಿಕೊಳ್ಳುತ್ತದೆ, ತಿರುಚಿಕೊಂಡದ್ದಕ್ಕೆ ಗಾಳಿಯ ಒತ್ತಡ ಬದಲಾಗಿ ಇನ್ನಷ್ಟು ಬಾಗಿಸುತ್ತದೆ. ಒಂದು ವೇಗದ ಗಡಿಯೊಳಗೆ ಈ ಅಲುಗಾಟ ತಾನೇ ಅಡಗುತ್ತದೆ. ಗಡಿ ದಾಟಿದರೆ ಪ್ರತಿ ಸುತ್ತಿಗೂ ಬೆಳೆಯುತ್ತದೆ. ಕಾಗದವಾದರೆ ಹರಿಯುತ್ತದೆ. ಉಕ್ಕಾದರೆ ಮುರಿಯುತ್ತದೆ, ಅದೂ ಕೆಲವೇ ಸೆಕೆಂಡುಗಳಲ್ಲಿ.

ಫ್ಲಟರ್ ಆಗ ಕಂಡು ಕೇಳರಿಯದ್ದೇನೂ ಆಗಿರಲಿಲ್ಲ. 1916ರಲ್ಲೇ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರ್‌ನ ಬಾಲ ಹೀಗೆ ಬಡಿದುಕೊಂಡು, ವಿಜ್ಞಾನಿ ಲ್ಯಾಂಚೆಸ್ಟರ್ ಅದನ್ನು ಪರಿಶೀಲಿಸಿದ್ದ. ಅಲ್ಲಿ ಬಾಲದ ಎಡ ಬಲದ ಚಲಿಸುವ ಹಲಗೆಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಬೆಸೆದು ಸಮಸ್ಯೆ ಬಗೆಹರಿಸಿದರು. ಆದರೆ ಹೊಸ ವಿಮಾನವೊಂದು ಯಾವ ವೇಗದಲ್ಲಿ ಬಡಿದುಕೊಳ್ಳುತ್ತದೆ ಎಂದು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕುವ ಭರವಸೆಯ ವಿಧಾನ 1933ರ ಎಂಜಿನಿಯರ್‌ಗಳ ಕೈಯಲ್ಲಿ ಇರಲಿಲ್ಲ.

ಗಟ್ಟಿ ಮಾಡಿದರೆ ಸಾಕೇ?

ಖಾರ್ಕಿವ್‌ನವರು ಕೈಕಟ್ಟಿ ಕೂರಲಿಲ್ಲ. ಬಾಲದ ತೋಳುಗಳನ್ನು ಸ್ವಲ್ಪ ಮೊಟಕು ಮಾಡಿ, ಹೆಚ್ಚು ಉಕ್ಕು ಹಾಕಿ ಬಲಪಡಿಸಿದರು. ಅಲುಗಾಡುವ ಬೆಂಚಿಗೆ ಇನ್ನೊಂದು ಪಟ್ಟಿ ಹೊಡೆದಂತೆ. ನೋಡಲು ಇದು ಸರಿಯಾದ ಪರಿಹಾರವೇ. ಯಾರಾದರೂ ಹಾಗೇ ಮಾಡುತ್ತಿದ್ದರು.

ತೊಂದರೆ ಏನೆಂದರೆ, ಒಂದು ವಸ್ತುವಿನ ಲಯವನ್ನು ಅದರ ಬಿಗಿಯೊಂದೇ ತೀರ್ಮಾನಿಸುವುದಿಲ್ಲ, ತೂಕವೂ ಸೇರುತ್ತದೆ. ತಂಬೂರಿಯ ತಂತಿಯನ್ನು ಬಿಗಿ ಮಾಡಿದರೆ ಶ್ರುತಿ ಏರುತ್ತದೆ. ಅದೇ ಬಿಗಿಯಲ್ಲಿ ದಪ್ಪ ತಂತಿ ಹಾಕಿದರೆ ಶ್ರುತಿ ಇಳಿಯುತ್ತದೆ. ತೋಳಿಗೆ ಉಕ್ಕು ಸೇರಿಸಿದಾಗ ಬಿಗಿಯೂ ಹೆಚ್ಚಿತು, ತೂಕವೂ ಹೆಚ್ಚಿತು. ಇಂಥ ತೇಪೆಯಿಂದ ಒಂದು ವೇಗದಲ್ಲಿದ್ದ ನಡುಕ ಮಾಯವಾಗಿ ಇನ್ನೊಂದು ವೇಗದಲ್ಲಿ ಕಾಣಿಸಿಕೊಳ್ಳಬಹುದು. ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ತಿಳಿಯಲು ಅವರಿಗಿದ್ದ ದಾರಿ ಒಂದೇ, ಮತ್ತೆ ಹಾರಿಸಿ ನೋಡುವುದು.

ಹಾರಿಸಿದರು. ಕೆಲವು ಹಾರಾಟಗಳು ಸರಿಯಾಗಿಯೇ ಮುಗಿದವು. 1933ರ ನವೆಂಬರ್ 21ರಂದು ವೇಗದ ಪರೀಕ್ಷೆ ನಡೆಯುತ್ತಿದ್ದಾಗ ಬಾಲದ ಒಂದು ತೋಳು ಮುರಿಯಿತು. ಬಾಲ ಹೋದ ವಿಮಾನವನ್ನು ಯಾವ ಪೈಲಟ್ ಕೂಡ ಹತೋಟಿಗೆ ತರಲಾರ. ಒಟ್ಟು 15 ಜನ ಸತ್ತರು. ಪರೀಕ್ಷಾ ಹಾರಾಟಕ್ಕೆ ಇಷ್ಟೊಂದು ಜನ ಯಾಕೆ ಎಂದು ಕೇಳಬಹುದು. ಏಳು ಎಂಜಿನ್‌ಗಳ ಯಂತ್ರವನ್ನು ನೋಡಿಕೊಳ್ಳಲು, ಅಳತೆಗಳನ್ನು ಬರೆದುಕೊಳ್ಳಲು ಆಗ ಮನುಷ್ಯರೇ ಬೇಕಿತ್ತು. ಇವತ್ತು ಆ ಕೆಲಸ ಮಾಡುವ ಸೆನ್ಸರ್‌ಗಳು, ನೆಲಕ್ಕೆ ಮಾಹಿತಿ ಕಳಿಸುವ ರೇಡಿಯೊ ಉಪಕರಣಗಳು ಆಗ ಇರಲಿಲ್ಲ.

ಪ್ರಾವ್ದಾ ಹೊಗಳಿ ಹೆಚ್ಚು ದಿನವೂ ಆಗಿರಲಿಲ್ಲ.

“ಬೇಕೆಂದೇ ಬೀಳಿಸಿದರು” ಎಂಬ ಮಾತು

ಫಾರ್ವರ್ಡ್‌ನ ಉದ್ದನೆಯ ಆವೃತ್ತಿಗಳಲ್ಲಿ ಇನ್ನೊಂದು ಮಸಾಲೆ ಇರುತ್ತದೆ: ಪ್ರತಿಸ್ಪರ್ಧಿ ವಿನ್ಯಾಸಕಾರ ತುಪೊಲೆವ್ ಕಡೆಯವರು ಹೊಟ್ಟೆಕಿಚ್ಚಿನಿಂದ ವಿಮಾನ ಕೆಡಿಸಿದರು ಅಂತ. ಈ ಗುಸುಗುಸು ಇಂಟರ್‌ನೆಟ್‌ಗಿಂತ ಬಹಳ ಹಳೆಯದು. ಅದಕ್ಕೆ ಪುರಾವೆಯೆಂದು ಒಪ್ಪಬಹುದಾದದ್ದು ಯಾವುದೂ ಹೊರಬಂದಿಲ್ಲ.

ನನಗೆ ಇದು ನಂಬಲರ್ಹವಾಗಿ ಕಾಣದಿರಲು ಕಾರಣ ಮೇಲಿನ ಕಥೆಯಲ್ಲೇ ಇದೆ. ಕೆ-7 ಮೊದಲ ದಿನದಿಂದಲೂ ನಡುಗುತ್ತಿತ್ತು. ಮೊದಲ ಹಾರಾಟದಲ್ಲಿ ಅಪಾಯದ ಸೂಚನೆ ಕೊಟ್ಟ ಜಾಗವೇ ಕೊನೆಯ ಹಾರಾಟದಲ್ಲಿ ಮುರಿದದ್ದು. ಇದನ್ನು ವಿವರಿಸಲು ಕಳ್ಳ ಕೈಯೊಂದು ಬೇಕಾಗಿಲ್ಲ. ಇನ್ನು ತುಪೊಲೆವ್, ಅವನನ್ನೂ 1937ರಲ್ಲಿ ಬಂಧಿಸಲಾಯಿತು. ಸೆರೆಯಲ್ಲಿದ್ದುಕೊಂಡೇ ವಿಮಾನಗಳ ನಕ್ಷೆ ಬರೆಯಬೇಕಾಯಿತು. ಸರ್ಕಾರದ ಮುದ್ದಿನ ಮಗ, ಯಾರನ್ನು ಬೇಕಾದರೂ ಮುಗಿಸಬಲ್ಲವ ಎಂಬ ಚಿತ್ರಕ್ಕೆ ಇದು ಹೊಂದುವುದಿಲ್ಲ.

ಆದರೆ ಇಂಥ ವದಂತಿ ಯಾಕೆ ಹುಟ್ಟಿತು ಎಂಬುದು ಅರ್ಥವಾಗುತ್ತದೆ. ಸ್ಟಾಲಿನ್ ಕಾಲದಲ್ಲಿ ಯಂತ್ರ ಕೆಟ್ಟರೆ ಅದು ಬರೀ ಯಂತ್ರ ಕೆಟ್ಟಂತೆ ಆಗುತ್ತಿರಲಿಲ್ಲ. ಯಾರೋ ದ್ರೋಹಿ ಇರಲೇಬೇಕಿತ್ತು. ಎಂಜಿನಿಯರ್‌ಗಳನ್ನು “ಧ್ವಂಸಕರು” ಎಂದು ಕರೆದು ವಿಚಾರಣೆ ನಡೆಸಿದ್ದ ದೇಶ ಅದು. ಎಲ್ಲ ಅವಘಡಕ್ಕೂ ಒಬ್ಬ ಖಳನಾಯಕನನ್ನು ಹುಡುಕುವ ಆ ಅಭ್ಯಾಸವೇ ಕೊನೆಗೆ ಕಲಿನಿನ್‌ನನ್ನೂ ನುಂಗಿತು.

ದುರಂತದ ನಂತರವೂ ಯೋಜನೆ ಕೂಡಲೇ ನಿಲ್ಲಲಿಲ್ಲ. ಇನ್ನೆರಡು ಕೆ-7 ಕಟ್ಟಲು ಅಪ್ಪಣೆಯಾಗಿತ್ತು. ಅವು ಮುಗಿಯುವ ಮೊದಲೇ, 1935ರಲ್ಲಿ, ಎಲ್ಲವನ್ನೂ ರದ್ದು ಮಾಡಿದರು. ಹೇಗೂ ಅಷ್ಟರಲ್ಲಿ ಕಾಲ ಓಡಿಹೋಗಿತ್ತು. 1933ರ ಕೊನೆಯಲ್ಲಿ ಮೊದಲ ಸಲ ಹಾರಿದ ಸೋವಿಯತ್ ಫೈಟರ್ ಐ-16 ಗಂಟೆಗೆ 300 ಕಿ.ಮೀ. ಮೀರಿ ಓಡುತ್ತಿತ್ತು. ಅದರ ಮುಂದೆ 225ರ ವೇಗದಲ್ಲಿ ತೆವಳುವ, ಎರಡು ಸೈಟಿನಷ್ಟು ಅಗಲದ ಗುರಿ ಎಂದರೆ ತಪ್ಪಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ಕೆ-7 ಬೀಳದೆ ಸೇನೆಗೆ ಸೇರಿದ್ದರೂ ಹಾರುವ ಕೋಟೆ ಆಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಕಲಿನಿನ್ ವೊರೊನೆಷ್ ನಗರಕ್ಕೆ ಹೋಗಿ ಕೆಲಸ ಮುಂದುವರಿಸಿದ. ಬಾಲವೇ ಇಲ್ಲದ ಕೆ-12 ಎಂಬ ವಿಮಾನ ಮಾಡಿದ. ಬಾಲ ಮುರಿದು ಬಿದ್ದ ವಿಮಾನದ ನಂತರ ಬಾಲವಿಲ್ಲದ ವಿಮಾನ! 1937ರಲ್ಲಿ ಮಾಸ್ಕೋ ಬಳಿಯ ತುಷಿನೊ ವೈಮಾನಿಕ ಪ್ರದರ್ಶನದಲ್ಲಿ ಅದಕ್ಕೆ ರಷ್ಯನ್ ಜನಪದ ಕಥೆಗಳ ಬೆಂಕಿಹಕ್ಕಿಯಂತೆ ಬಣ್ಣ ಬಳಿದು ಹಾರಿಸಿದರು. ಮರುವರ್ಷ ಕಲಿನಿನ್‌ನನ್ನು ದೇಶದ್ರೋಹದ ಆರೋಪದಲ್ಲಿ ಬಂಧಿಸಿ, 1938ರಲ್ಲೇ ಗುಂಡಿಟ್ಟು ಕೊಂದರು. ಸ್ಟಾಲಿನ್ ಸತ್ತ ಮೇಲೆ ಅವನ ಮೇಲಿನ ಆರೋಪಗಳನ್ನು ಅಳಿಸಿಹಾಕಲಾಯಿತು.

ಆ ನಡುಕಕ್ಕೆ ಉತ್ತರ ಸಿಕ್ಕಿತೇ?

ಸಿಕ್ಕಿತು, ಸ್ವಲ್ಪ ತಡವಾಗಿ. ಕೆ-7 ಯೋಜನೆ ರದ್ದಾದ 1935ರಲ್ಲೇ ಅಮೆರಿಕದಲ್ಲಿ ನಾರ್ವೆ ಮೂಲದ ಥಿಯೊಡೋರ್ ಥಿಯೊಡೊರ್ಸನ್ ಫ್ಲಟರ್‌ನ ಗಣಿತವನ್ನು ಬಿಡಿಸಿದ ವರದಿ ಪ್ರಕಟಿಸಿದ. ವಿಮಾನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಇವತ್ತಿಗೂ ಓದುತ್ತಾರೆ. ಸೋವಿಯತ್ ಒಕ್ಕೂಟದಲ್ಲಿ ಈ ಕೆಲಸ ಮಾಡಿದವನು ಮ್ಸ್ತಿಸ್ಲಾವ್ ಕೆಲ್ದಿಷ್ ಎಂಬ ಗಣಿತಜ್ಞ. ಕೆ-7 ಬಿದ್ದಾಗ ಅವನಿಗೆ 22 ವರ್ಷ. ಮುಂದಿನ ಕೆಲವೇ ವರ್ಷಗಳಲ್ಲಿ ಅವನು ಮತ್ತು ಸಂಗಡಿಗರು ಫ್ಲಟರ್ ಯಾವ ವೇಗದಲ್ಲಿ ಶುರುವಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ತೂಕವನ್ನು ಎಲ್ಲಿ ಇಟ್ಟರೆ ಅದು ತಪ್ಪುತ್ತದೆ ಎಂದು ತೋರಿಸಿದರು. ಮುಂದೆ ಸೋವಿಯತ್ ಬಾಹ್ಯಾಕಾಶ ಯೋಜನೆಯ ಗಣಿತದ ಹಿಂದೆ ಇದ್ದದ್ದೂ ಇದೇ ಕೆಲ್ದಿಷ್.

ಈಗ ಯಾವುದೇ ಹೊಸ ವಿಮಾನ ಮೊದಲ ಸಲ ಹಾರುವ ಮುನ್ನ ಅದನ್ನು ನೆಲದ ಮೇಲೆ ನಿಲ್ಲಿಸಿ, ಮೈತುಂಬ ಸೆನ್ಸರ್ ಅಂಟಿಸಿ, ಬೇರೆ ಬೇರೆ ಲಯದಲ್ಲಿ ಬೇಕೆಂದೇ ಅಲುಗಾಡಿಸುತ್ತಾರೆ. ರೆಕ್ಕೆ ಯಾವ ಲಯಕ್ಕೆ ಕುಣಿಯುತ್ತದೆ, ಬಾಲ ಯಾವುದಕ್ಕೆ ಎಂದು ಬರೆದುಕೊಳ್ಳುತ್ತಾರೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲೂ ಇಂಥ ಪರೀಕ್ಷೆ ನಡೆಸುವ ತಜ್ಞರಿದ್ದಾರೆ. ಆಮೇಲೆ ಹಾರಾಟದಲ್ಲೂ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ನಡುಕ ತಾನೇ ಅಡಗುತ್ತಿದೆಯೇ ಎಂದು ನೋಡಿಯೇ ಮುಂದಿನ ವೇಗ. ಕಲಿನಿನ್‌ಗೆ ಈ ಸೌಲಭ್ಯ ಯಾವುದೂ ಇರಲಿಲ್ಲ.

ಮುಂದಿನ ಸಲ ಫಾರ್ವರ್ಡ್ ಬಂದಾಗ

ಚಿತ್ರ ಅಸಲಿಯೋ ನಕಲಿಯೋ ಎಂದು ತಿಳಿಯಲು ಎಂಜಿನ್ ಎಣಿಸಿ. ಮುಂದೆ ಆರು, ಹಿಂದೆ ಒಂದು, ಅಷ್ಟೇ. ಏಳಕ್ಕಿಂತ ಹೆಚ್ಚು ಪ್ರೊಪೆಲ್ಲರ್ ಕಂಡರೆ, ಹಡಗಿನ ಫಿರಂಗಿ ಕಂಡರೆ, ಅದು ಕಲ್ಪನೆ. ಚಿತ್ರ ಬಣ್ಣದಲ್ಲಿದ್ದರೂ ಅನುಮಾನಿಸಿ, ಕೆ-7ರ ಅಸಲಿ ಫೋಟೊಗಳು ಕಪ್ಪುಬಿಳುಪಿನವು. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿ ಹುಡುಕಿದರೆ ಎರಡೂ ಬಗೆಯವು ಅಕ್ಕಪಕ್ಕ ಸಿಗುತ್ತವೆ. ಈಚೆಗೆ ಎಐ ಆ್ಯಪ್‌ಗಳಲ್ಲಿ ಮಾಡಿದ ಹೊಸ ಹೊಸ ಹಾರುವ ಯುದ್ಧನೌಕೆಗಳೂ ಸೇರಿಕೊಳ್ಳುತ್ತಿರುವುದರಿಂದ, ಹಳೆಯ ನಕಲಿಗಿಂತ ಹೊಸ ನಕಲಿ ಹೆಚ್ಚು ನೈಜವಾಗಿ ಕಂಡರೆ ಅಚ್ಚರಿಯಿಲ್ಲ.

ಅಸಲಿ ಫೋಟೊಗಳಲ್ಲಿ ಹೆಚ್ಚಿನವು ನೆಲದ ಮೇಲೆ ನಿಂತ ವಿಮಾನದವು. ಬೃಹತ್ತಾದ ರೆಕ್ಕೆ, ಅದರ ಕೆಳಗೆ ಪ್ಯಾಂಟಿನ ಕಾಲಿನಂತೆ ಇಳಿಬಿದ್ದ ಎರಡು ದಪ್ಪನೆಯ ಚಕ್ರದ ಗೂಡುಗಳು. ನೋಡಿದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. ಹಿಂದಕ್ಕೆ ಚಾಚಿಕೊಂಡಿರುವ ಬಾಲದ ಎರಡು ತೋಳುಗಳನ್ನು ಮಾತ್ರ ಸ್ವಲ್ಪ ಹುಡುಕಿ ನೋಡಬೇಕು. ಅಷ್ಟು ದೊಡ್ಡ ರೆಕ್ಕೆಯ ಹಿಂದೆ ಅವು ತೀರ ತೆಳ್ಳಗೆ ಕಾಣುತ್ತವೆ.